ಮರಿಯನ್ನು ಲಾರಿ ಹತ್ತಿಸಿದ್ದು

ಎಂಥ ಪುಂಡ ಕುದುರೆಯನ್ನೂ ದನಿಯೆತ್ತದೆ ದಾರಿಗೆ ತರುತ್ತಿದ್ದ ಹೆಂಗಸು ಅವಳು. ಊರಿಗೆಲ್ಲ ಕುದುರೆ ಅಕ್ಕ. ಆದರೆ ಈಚೆಗೆ ಕಣ್ಣು ಕೈಕೊಡುತ್ತಾ ಬಂದಿತ್ತು. ಮೊದಲು ಅಂಚುಗಳು ಮಸುಕಾದವು, ಆಮೇಲೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಮಾತ್ರ ಉಳಿಯಿತು. ಸಂಗತಿ ಗೊತ್ತಿದ್ದದ್ದು ತಮ್ಮನೊಬ್ಬನಿಗೆ.

ಲಾಯದಲ್ಲಿ ಉಳಿದಿದ್ದದ್ದು ಒಂದೇ ಕುದುರೆ, ಮೂರು ವರ್ಷದ ಅರಬ್ಬಿ ಗಂಡು. ಕಂದು ಮೈ, ಎತ್ತಿ ಹಿಡಿದ ಬಾಲ, ನೋಡಿದವರು ಕಣ್ಣು ಕೀಳಲಾಗದ ನಿಲುವು. ಅವಳಿಗೆ ಮಾತ್ರ ಅವನು ಇನ್ನೂ 'ಮರಿ'. ಹಗ್ಗ ಹಿಡಿದರೆ ಜೊತೆಗೆ ನಡೆಯುವುದು, ಗೊರಸು ಎತ್ತಿ ಕೊಡುವುದು, ಜೀನು ಹೊತ್ತು ಸುಮ್ಮನಿರುವುದು, ಇಷ್ಟು ಕಲಿಸಿದ್ದಳು. ಕುದುರೆ ಪ್ರದರ್ಶನಕ್ಕೆ ತಾನೇ ಕರೆದೊಯ್ಯಬೇಕೆಂಬ ಆಸೆಯಿತ್ತು.

ಒಂದು ಬೆಳಿಗ್ಗೆ ಅವನನ್ನು ಹೊರಗೆ ತರುವಾಗ ಗೇಟಿಗೆ ಜೋತುಬಿದ್ದಿದ್ದ ತಂತಿ ಅವಳಿಗೆ ಕಾಣಲಿಲ್ಲ. ಅದು ತಾಗಿ ಮರಿಯ ಮುಂಗಾಲಿನ ಚರ್ಮ ಹರಿಯಿತು. ಅವನು ಓಡಲಿಲ್ಲ, ಒದೆಯಲಿಲ್ಲ. ನಡುಗುತ್ತಾ ಅವಳಿಗಾಗಿ ಕಾದು ನಿಂತ.

ಗಾಯಕ್ಕೆ ಮದ್ದು ಹಚ್ಚುತ್ತಲೇ ತಮ್ಮನಿಗೆ ಹೇಳಿದಳು, "ಇವನಿಗೊಂದು ಒಳ್ಳೆ ಜಾಗ ಹುಡುಕು."

"ನಾನು ನೋಡ್ಕೊಳ್ತೀನಲ್ಲಕ್ಕಾ."

"ನೀನು ಕುದುರೆ ಸೀನಿದ್ರೆ ಗೋಡೆ ಹತ್ತೋನು. ಸುಮ್ನಿರು."

ತಮ್ಮ ನಗಲಿಲ್ಲ.

ಗಾಯ ಒಣಗಿದ ಮೇಲೆ ಕೊಳ್ಳಲು ಬಂದಾಕೆ ಪ್ರದರ್ಶನಗಳಲ್ಲಿ ಪಳಗಿದವಳು. ಮರಿಯನ್ನು ನಡೆಸಿ, ಓಡಿಸಿ, ಹಲ್ಲು ನೋಡಿ ಕೇಳಿದಳು, "ಇಂಥವನನ್ನ ಯಾಕೆ ಕೊಡ್ತಿದ್ದೀರಿ?"

"ಜಾಗ ಸಾಲ್ತಿಲ್ಲ," ಅಂದ ತಮ್ಮ.

"ಸುಳ್ಳು," ಅಂದಳು ಅಕ್ಕ. "ನಂಗೆ ಕಣ್ಣು ಕಾಣ್ತಿಲ್ಲಮ್ಮ. ಮುಂಗಾಲಲ್ಲಿ ಕಲೆ ಇದೆ, ನೋಡಿ. ನನ್ನಿಂದಾದದ್ದು."

ಆಕೆ ಬಗ್ಗಿ ಕಲೆಯನ್ನು ಮುಟ್ಟಿ ನೋಡಿದಳು. "ಕೂದಲು ಬಂದ್ಮೇಲೆ ಅಷ್ಟಾಗಿ ಕಾಣಲ್ಲ. ತಗೋತೀನಿ."

"ಏಟು ಅಂದ್ರೇನು ಅಂತ ಇವನಿಗೆ ಗೊತ್ತಿಲ್ಲ."

"ನನ್ನ ಹತ್ರನೂ ಗೊತ್ತಾಗಲ್ಲ."

ಲಾರಿ ಬಂತು. ಹಲಗೆಯ ಮುಂದೆ ಮರಿ ಕಾಲೂರಿ ನಿಂತುಬಿಟ್ಟ. ಡ್ರೈವರ್ ಎಳೆದ, ಪುಸಲಾಯಿಸಿದ, ಊಹುಂ.

"ಬಿಡಿ," ಅಂತ ಅಕ್ಕ ಹಗ್ಗ ಇಸಿದುಕೊಂಡಳು. ಕಾಲಲ್ಲಿ ಹಲಗೆ ತಡವಿಕೊಂಡು ತಾನೇ ಮೊದಲು ಹತ್ತಿದಳು. ಮರಿ ಅವಳ ಹೆಗಲಿಗೆ ಮೂಗು ತಾಗಿಸಿ ಹಿಂದೆಯೇ ಹತ್ತಿದ. ಅವಳು ಕಲಿಸಿದ್ದೇ ಅದು.

ಒಳಗೆ ಕಟ್ಟಿ, ಅವನ ಮುಖಕ್ಕೆ ಮುಖ ಹತ್ತಿರ ತಂದಳು. ಇಡೀ ಮುಖ ಒಟ್ಟಿಗೆ ಕಾಣುವಂತಿರಲಿಲ್ಲ. ಒಂದು ಕಿವಿ, ಆಮೇಲೆ ಕಣ್ಣು, ಆಮೇಲೆ ಹಿಗ್ಗುವ ಹೊಳ್ಳೆ. ಎಲ್ಲವನ್ನೂ ಕೂಡಿಸಿ ಮನಸ್ಸಲ್ಲಿಟ್ಟುಕೊಳ್ಳಲು ನೋಡಿದಳು. ಡ್ರೈವರ್ ಕೆಮ್ಮಿದ. ಇಳಿಯುವಾಗ ತಮ್ಮ ಕೈ ಚಾಚಿದ. ಅವಳು ಹಿಡಿದುಕೊಂಡಳು.

ಲಾರಿ ಹೊರಟಾಗ ಮರಿ ಕೆನೆದ.

"ತಿರುವು ದಾಟ್ತಾ?"

"ಈಗ ದಾಟ್ತಕ್ಕಾ."

ಮುಂದಿನ ಚಳಿಗಾಲದಲ್ಲಿ ಮರಿಯನ್ನು ಕೊಂಡಾಕೆಯ ಫೋನ್ ಬಂತು. ಮರಿ ಮೊದಲ ಪ್ರದರ್ಶನದಲ್ಲೇ ಮೂರನೆಯವನಾಗಿದ್ದ. ಅಷ್ಟರಲ್ಲಿ ಅಕ್ಕನಿಗೆ ಬೆಳಕು ಯಾವುದು, ಕತ್ತಲೆ ಯಾವುದು ಅಂತಷ್ಟೇ ತಿಳಿಯುತ್ತಿತ್ತು.

"ತಲೆ ಎತ್ತಿ ನಿಂತಿದ್ನಾ?"

"ನಿಂತಿದ್ದ."

"ಹಾಗಾದ್ರೆ ಸರಿ," ಅಂದಳು. ಆ ಕಡೆ ಆಕೆ ಫೋನಿಟ್ಟ ಮೇಲೂ ಅಕ್ಕ ತನ್ನದನ್ನು ಕಿವಿಯಿಂದ ತೆಗೆಯದೆ ಬಹಳ ಹೊತ್ತು ಕೂತಿದ್ದಳು.