ಹಿಂತೆಗೆಯದ ಆಕ್ಷೇಪ

ತಮ್ಮ ತೀರಿಕೊಂಡ ಸುದ್ದಿ ನನಗೆ ಬಂದದ್ದು ಅವನ ವೈರಿಯ ಬಾಯಿಂದ. ಮಂಗಳವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಸಮಿತಿಯ ನಡಾವಳಿ ಪುಸ್ತಕಕ್ಕೆ ಪುಟಸಂಖ್ಯೆ ಹಾಕುತ್ತಿದ್ದೆ. ಕಂಪನಿಯ ವಕೀಲನ ಫೋನ್ ಬಂತು.

"ಅಮ್ಮಾ, ನಿಮ್ಮ ತಮ್ಮ ಹೋಗ್ಬಿಟ್ರಂತೆ. ಆಫೀಸಿನ ಮೆಟ್ಟಿಲ ಮೇಲೇ ಕುಸಿದ್ರಂತೆ. ಪಾಪ, ತುಂಬಾ ಬೇಜಾರಾಯ್ತು." ಅದೇ ಉಸಿರಿನಲ್ಲಿ ಮುಂದುವರಿಸಿದ. "ಗುರುವಾರದ ಸಭೆ ಮುಂದಕ್ಕೆ ಹಾಕೋದೇನೂ ಬೇಡ ಅಲ್ವಾ? ಅವರ ಆಕ್ಷೇಪ ಒಂದೇ ಅಡ್ಡ ಇದ್ದಿದ್ದು."

ಅಳು ಬರಲಿಲ್ಲ. ಬಂದದ್ದು ಸಿಟ್ಟು. ಮತ್ತೆ ದೇವರ ಮುಂದೆ ಕುಳಿತರೂ ಅದು ಇಳಿಯಲಿಲ್ಲ.

ನನ್ನ ತಮ್ಮ, ಕಂಪ್ಯೂಟರಿಗೆ ಆಜ್ಞೆ ಬರೆಯುವ ಒಂದು ಭಾಷೆಯ ನಿಯಮಗಳನ್ನು ಕಾಯುವ ಸಮಿತಿಯಲ್ಲಿದ್ದ. ಆ ಭಾಷೆ ಯಾರ ಸೊತ್ತೂ ಅಲ್ಲ. ಶಾಲೆಯವರು, ಆಸ್ಪತ್ರೆಯವರು, ಯಾರು ಬೇಕಾದರೂ ಯಾರನ್ನೂ ಕೇಳದೆ ಬಳಸಬಹುದಿತ್ತು. ಆ ವಕೀಲನ ಕಂಪನಿ ತನ್ನ ಒಂಬತ್ತು ನೌಕರರನ್ನು ಒಬ್ಬೊಬ್ಬರನ್ನಾಗಿ ಸಮಿತಿಗೆ ತುಂಬಿ, ಭಾಷೆಯ ಮುಖ್ಯ ಭಾಗವೊಂದನ್ನು ಇನ್ನು ತನ್ನ ಅನುಮತಿಯಿಲ್ಲದೆ ಯಾರೂ ಬಳಸಬಾರದೆಂಬ ನಿಯಮ ತರಹೊರಟಿತು. ಒಂದೇ ಒಂದು ಲಿಖಿತ ಆಕ್ಷೇಪ ಇದ್ದರೂ ಮತಕ್ಕೆ ಹಾಕದಿರುವುದು ಸಮಿತಿಯ ಪದ್ಧತಿ. ನನ್ನ ತಮ್ಮ ಆಕ್ಷೇಪ ಬರೆದು ಕೂತ. ಎರಡು ವರ್ಷ ಅವನನ್ನು "ಗೂಟ" ಎಂದು ಕರೆದು ನಕ್ಕರು. ಮಾತಾಡಲು ಎದ್ದರೆ ಮೈಕು ಆರಿಸಿದರು. ಅಷ್ಟನ್ನೂ ಸಮಿತಿಯ ಕಾರ್ಯದರ್ಶಿಯಾಗಿ ನಡಾವಳಿಯಲ್ಲಿ ಬರೆದುಕೊಂಡವಳು ಅವನ ಅಕ್ಕ, ನಾನೇ.

ಗುರುವಾರ ಸಭೆಗೆ ಹೋದೆ. ತಮ್ಮನ ಕುರ್ಚಿಗೆ ಯಾರೋ ಕೋಟು ತಗುಲಿಸಿದ್ದರು. ತೆಗೆದು ನೆಲಕ್ಕೆ ಹಾಕಿದೆ.

"ಆಕ್ಷೇಪಿಸಿದವರೇ ಇಲ್ಲ, ಇನ್ನು ಆಕ್ಷೇಪ ಎಲ್ಲಿಂದ ಬಂತು? ಬರ್ಕೊಳ್ಳಿ ಅಮ್ಮಾ," ಎಂದ ವಕೀಲ.

"ಬರ್ಕೊಳ್ತೀನಪ್ಪಾ. ಅದಕ್ಕೆ ಮುಂಚೆ ಹಳೇದೊಂದು ಓದ್ಲಾ?"

ಮೂರು ವರ್ಷದ ಹಿಂದೆ ಕಂಪನಿಯ ಎಂಜಿನಿಯರೊಬ್ಬ, ಕಂಪನಿಗೆ ಬೇಡವಾಗಿದ್ದ ಬೇರೊಂದು ನಿಯಮಕ್ಕೆ ಆಕ್ಷೇಪ ಬರೆದಿಟ್ಟು ಕೆಲಸ ಬಿಟ್ಟು ಹೋಗಿದ್ದ. ಅದು ಬಿದ್ದುಹೋಗದಿರಲೆಂದು ಈ ವಕೀಲನೇ ಹಟ ಹಿಡಿದು ಒಂದು ನಿಯಮ ಮಾಡಿಸಿದ್ದ. ಅದನ್ನು ನಿಧಾನವಾಗಿ ಓದಿದೆ: "ಆಕ್ಷೇಪಿಸಿದವರು ಇರಲಿ, ಇಲ್ಲದಿರಲಿ, ತಮ್ಮ ಕೈಯಾರೆ ಬರೆದು ಹಿಂತೆಗೆಯುವವರೆಗೆ ಆಕ್ಷೇಪವು ನಿಲ್ಲತಕ್ಕದ್ದು. ಯಾವುದೇ ಆಕ್ಷೇಪ ಬಾಕಿ ಇರುವಾಗ ಈ ನಿಯಮವನ್ನು ತಿದ್ದತಕ್ಕದ್ದಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲನ ಮುಖ ಸುಣ್ಣವಾಯಿತು.

"ಅದು... ಸತ್ತವರಿಗೆ ಅಂತ ಮಾಡಿದ್ದಲ್ಲಮ್ಮಾ."

"ಕೆಳಗೆ ನಿನ್ನದೇ ಸಹಿ ಇದೆ, ನೋಡ್ಕೋ. ಹೋಗು, ಅವನ ಹತ್ರ ಬರೆಸ್ಕೊಂಡು ಬಾ. ಹೋಗಿದ್ದು ನಿಂಗೇ ಮೊದ್ಲು ಗೊತ್ತಾಗಿದ್ದಲ್ವಾ? ದಾರೀನೂ ಗೊತ್ತಿರ್ಬೇಕು."

"ಆಕ್ಷೇಪ ನಿಂತಿದೆ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಒಂಬತ್ತು ಜನರಿಂದಲೂ ಸಹಿ ಹಾಕಿಸಿಕೊಂಡೆ. ಒಬ್ಬನನ್ನೂ ಬಿಡಲಿಲ್ಲ.

ಮನೆಗೆ ಬಂದು ದೀಪ ಹಚ್ಚಿದಾಗ ಅಳು ಬಂತು.

ಭಗವಂತಾ, ಇವತ್ತು ನನ್ನ ಎದೆ ತಣ್ಣಗಾಗಿದೆ, ನಿನ್ನ ಮುಂದೆ ಸುಳ್ಳು ಹೇಳಲಾರೆ. ಆ ಪಾಪ ನನಗಿರಲಿ. ಎರಡು ವರ್ಷ ಒಬ್ಬನೇ ನಿಂತು ದಣಿದವನು ನನ್ನ ತಮ್ಮ. ಇನ್ನಾದರೂ ಅವನನ್ನು ಹತ್ತಿರ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.