ಕೆಮ್ಮುವ ಗಂಟೆ

ತುಂಬು ಗಬ್ಬದ ಹಸು ಗಲಾನಾ ಎರಡು ದಿನದಿಂದ ಮನೆಗೆ ಬಂದಿರಲಿಲ್ಲ. ಸೊಮಿಯೆದೊ ರಕ್ಷಿತಾರಣ್ಯದ ಮೇಲಿನ ಹುಲ್ಲುಗಾವಲಿನಲ್ಲಿ ತೋಳಗಳಿವೆ. ಅಲ್ಲೇ ಕರು ಹಾಕಿಬಿಟ್ಟರೆ ಗತಿಯೇನೆಂದು ಹಸುವಿನ ಒಡತಿ, ಪಕ್ಕದ ಮನೆಯ ಎಲೊಯೀನಾ ಬೆಳಿಗ್ಗೆಯೇ ನನ್ನನ್ನೂ ಹೊರಡಿಸಿದಳು. ಅವಳಿಗೆ ಕಣ್ಣು ಸರಿಯಿಲ್ಲ, ನನಗೆ ಮಂಡಿ ಸರಿಯಿಲ್ಲ.

ಕಾಡಿನಲ್ಲಿ ಮಂಜು ಕವಿದಿತ್ತು. ಆದರೆ ನಮ್ಮೂರಿನವರು ಹಸುವನ್ನು ಹುಡುಕುವುದು ಕಿವಿಯಿಂದ. ಒಂದೊಂದು ಹಸುವಿನ ಗಂಟೆಗೂ ಒಂದೊಂದು ದನಿ. ಗಲಾನಾಳದು ಎಲೊಯೀನಾಳ ತಾಯಿಯ ಕಾಲದ್ದು. ಸೀಳು ಬಿಟ್ಟು, ಕೆಮ್ಮಿದಂತೆ ಸದ್ದು ಮಾಡುತ್ತದೆ.

"ಶ್! ಕೇಳಿಸ್ತಾ ಮೇಷ್ಟ್ರಮ್ಮ? ಅದೇ ಕೆಮ್ಮು!" ಎಲೊಯೀನಾ ನನ್ನ ತೋಳು ಹಿಡಿದೆಳೆದಳು.

ಸದ್ದು ಬೆಟ್ಟದ ಮೇಲಿನ ಕೆರೆಯ ದಾರಿ ಹಿಡಿದು ಮೇಲೇರಿತು. ನಾವೂ ಏರಿದೆವು.

"ಗಬ್ಬದ ಹಸು ಹೀಗಾ ಓಡೋದು? ನಿಲ್ಲೇ ನನ್ನ ಬಂಗಾರಿ! ನಿಲ್ಲೇ ದಪ್ಪೀ!"

ಮಂಜಿನೊಳಗಿಂದ ಗಂಡು ದನಿ ಬಂತು: "ನನ್ನನ್ನ ಕರೆದ್ರಾ ಅಜ್ಜಿ?"

ದುಂಡಗಿನ ಪ್ರವಾಸಿಯೊಬ್ಬ ಏದುಸಿರು ಬಿಡುತ್ತ ನಿಂತಿದ್ದ. ಬೆನ್ನಿನ ಚೀಲದಲ್ಲಿ ಗಲಾನಾಳ ಗಂಟೆ ನೇತಾಡುತ್ತಿತ್ತು. ನಾನು ನಗು ತಡೆಯಲಾರದೆ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಎಲೊಯೀನಾ ನಗಲಿಲ್ಲ.

"ನನ್ನ ಹಸು ಎಲ್ಲಯ್ಯಾ?"

"ಅಯ್ಯೋ, ಗಂಟೆ ಪಟ್ಟಿ ಹರಿದು ದಾರೀಲಿ ಬಿದ್ದಿತ್ತಮ್ಮ. ಕರಡಿ ಹತ್ರ ಬರದೇ ಇರ್ಲಿ ಅಂತ ಕಟ್ಕೊಂಡೆ." ಅವನ ಮುಖ ಸಪ್ಪಗಾಯಿತು. "ಎಲ್ಲಿ ಸಿಕ್ತು ಅಂತ ತೋರಿಸ್ತೀನಿ, ಬನ್ನಿ."

ಅವನ ಹೆಸರು ಫೆರ್ಮಿನ್. ಕೆರೆ ನೋಡಲೆಂದೇ ದೂರದ ವಾಯಾದೊಲಿದ್ ನಗರದಿಂದ ಬಂದವನು. ಕೆರೆ ಇನ್ನು ಹತ್ತೇ ನಿಮಿಷದ ದಾರಿಯಿತ್ತು. ಅವನು ಅತ್ತ ತಿರುಗಿಯೂ ನೋಡದೆ ನಮ್ಮೊಡನೆ ಇಳಿದ. ಇಳಿಜಾರಿನಲ್ಲಿ ಅವನ ಬೂಟಿನ ಲೇಸು ಪದೇ ಪದೇ ಬಿಚ್ಚಿಕೊಳ್ಳುತ್ತಿತ್ತು. ಅವನು ಕಟ್ಟಿ ಮುಗಿಸುವಷ್ಟರಲ್ಲಿ ನನ್ನ ಮಂಡಿಗೆ ವಿಶ್ರಾಂತಿ ಸಿಗುತ್ತಿತ್ತು. ಅದು ತಾನಾಗೇ ಬಿಚ್ಚುತ್ತಿತ್ತೋ, ಅವನೇ ಬಿಚ್ಚುತ್ತಿದ್ದನೋ!

ಗಂಟೆ ಸಿಕ್ಕ ಜಾಗದಲ್ಲಿ ಹಸುವಿರಲಿಲ್ಲ. ಎಲೊಯೀನಾ ಅವನ ಚೀಲದಿಂದ ಗಂಟೆ ಬಿಚ್ಚಿ ಅಲ್ಲಾಡಿಸಿದಳು. ಏನೂ ಇಲ್ಲ. ಇನ್ನೊಮ್ಮೆ ಅಲ್ಲಾಡಿಸಿದಳು. ಜರೀಗಿಡಗಳ ಪೊದೆಯಿಂದ "ಅಂಬಾ" ಎಂಬ ಕೂಗು ಬಂತು. ಅಲ್ಲಿ ಗಲಾನಾ, ಅವಳ ಹೊಟ್ಟೆಯಡಿ ಇನ್ನೂ ಒದ್ದೆಯಾಗಿದ್ದ ಕೆಂದು ಬಣ್ಣದ ಕರು!

ಫೆರ್ಮಿನ್ ಕರುವನ್ನು ಹೆಗಲ ಮೇಲೆ ಹೊತ್ತ. ಗಲಾನಾ ದಾರಿಯುದ್ದಕ್ಕೂ ಒಮ್ಮೆ ಕರುವನ್ನು, ಒಮ್ಮೆ ಅವನ ಕಿವಿಯನ್ನು ನೆಕ್ಕುತ್ತ ಬಂದಳು.

ಮನೆಯಲ್ಲಿ ಅವನಿಗೆ ಬೀನ್ಸ್ ಕಾಳಿನ ಸಾರು ಎರಡು ಬಟ್ಟಲು ಬಡಿಸಿದ ಮೇಲೆ ಎಲೊಯೀನಾ ಗಂಟೆಯನ್ನು ಮತ್ತೆ ಅವನ ಚೀಲಕ್ಕೇ ಕಟ್ಟಿದಳು.

"ನಾಳೆ ಕೆರೆಗೆ ಹೋಗ್ಬಾ. ಸಂಜೆ ವಾಪಸ್ ತಂದ್ಕೊಡು."

"ಮಂಜಲ್ಲಿ ದಾರಿ ತಪ್ಪಿದ್ರೆ?"

"ತಪ್ಪಲಿ ಬಿಡು ದಪ್ಪಿ, ಕೆಮ್ಮು ಕೇಳ್ಕೊಂಡು ಬರ್ತೀನಿ."