ವನಜಮ್ಮನ ಸಹಿ, ಪುಟ್ಟಪ್ಪನ ಗ್ಯಾಸು

ಪುಟ್ಟಪ್ಪನ ಎಡಗಡೆಯ ಮೀಸೆ ಸುಟ್ಟುಹೋದ ದಿನದಿಂದ ಹೆಂಡತಿ ವನಜಮ್ಮನಿಗೆ ನೆಮ್ಮದಿಯಿಲ್ಲ. ಮೀಸೆ ಹೋದರೆ ಹೋಗಲಿ, ಬೆಳೆದೀತು. ಎರಡು ಸಾವಿರದ ಒಂಬತ್ತರ ಆ ಬೇಸಿಗೆಯಲ್ಲಿ ಪಂಪ್‌ಸೆಟ್ಟಿನ ಶೆಡ್ಡಿಗೆ ಕಂಬ ನೆಡಲು ಗದ್ದೆಯಂಚಿನಲ್ಲಿ ಗುಂಡಿ ತೋಡಿ, ಈ ಮಹಾಶಯ ಪಕ್ಕದಲ್ಲೇ ಕೂತು ಬೀಡಿ ಹಚ್ಚಿದ್ದ. ಭುಗ್ಗೆಂದು ಬೆಂಕಿ ಎದ್ದಿತು. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಇವನು ಕುಣಿದ.

"ಗ್ಯಾಸು ಮಾರಾಯ್ತಿ, ಗ್ಯಾಸು! ಅಮೆರಿಕದಲ್ಲಿ ಭೂಮಿಯೊಳಗಿನ ಕಲ್ಲು ಒಡೆದು ತೆಗೀತಾರಂತಲ್ಲ, ಶೇಲ್ ಗ್ಯಾಸು, ಪೇಪರಲ್ಲಿ ಬಂದಿತ್ತು. ಅದೇ ಇದು!"

ಮೇಗುಂದದಿಂದ ಕೊಪ್ಪದವರೆಗೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ನಾಲ್ಕನೇ ದಿನಕ್ಕೆ ಜಮೀನಿನ ದಲ್ಲಾಳಿ ಪರಮೇಶ್ವರಪ್ಪ ಕರಾರು ಪತ್ರ ಹಿಡಿದುಕೊಂಡೇ ಬಂದ. ಗದ್ದೆ ಬರೆದುಕೊಟ್ಟರೆ ದೊಡ್ಡ ಕಂಪನಿಯನ್ನು ಅವನೇ ಕರೆತರುತ್ತಾನಂತೆ.

ಗದ್ದೆ ಇದ್ದದ್ದು ವನಜಮ್ಮನ ಹೆಸರಿನಲ್ಲಿ, ಅವಳ ಅಪ್ಪ ಕೊಟ್ಟದ್ದು. ಅದರ ಮೇಲ್ತುದಿಯಲ್ಲಿ ಒಂದು ಒರತೆ. ಯಾವ ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಕೆಳಗಿನ ಆರು ಮನೆಯವರು ಕುಡಿಯುವುದೂ ಅದೇ ನೀರು.

"ಕಲ್ಲು ಒಡೆಯೋದು ಎಂತದ್ರಿಂದ?" ಎಂದು ಕೇಳಿದಳು.

"ನೀರಿಂದ ಅಕ್ಕಾ. ಲಕ್ಷಗಟ್ಟಲೆ ಲೀಟರು, ಕೆಮಿಕಲ್ ಸೇರಿಸಿ ಒಳಗೆ ನುಗ್ಗಿಸ್ತಾರೆ. ನಿಮ್ಮಲ್ಲಿ ನೀರಿಗೇನು ಬರವಾ!" ಪರಮೇಶ್ವರಪ್ಪ ಹಲ್ಲು ಕಿರಿದ.

ವನಜಮ್ಮ ತಿರುಗಿ ಒರತೆಯ ಕಡೆ ನೋಡಿದಳು. ಬೇಡವೆಂದರೆ ಗಂಡ ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಕೂರುವ ಆಸಾಮಿ. ಗೋಬರ್ ಗ್ಯಾಸ್ ಮಾಡಿಸಿ ಎಂದು ಹತ್ತು ವರ್ಷ ಗೋಗರೆದರೆ, ಸಗಣಿ ಉರಿಯಲ್ಲಿ ಬೆಂದ ಅನ್ನ ಉಣ್ಣಲಾರೆ ಎಂದವನಿಗೆ ಈಗ ಅಮೆರಿಕದ ಗ್ಯಾಸು ಬೇಕಂತೆ! ಸೆರಗು ಸಿಕ್ಕಿಸಿ ಎದ್ದಳು.

"ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಿಸೋದಲ್ವಾ? ಈ ಗ್ಯಾಸಲ್ಲಿ ಹಾಲು ಉಕ್ಕಲಿ, ಸಹಿ ಹಾಕ್ತೀನಿ."

ಗುಂಡಿಗೆ ಪೈಪು ಇಳಿಸಿ, ಸುತ್ತ ಮಣ್ಣು ಮೆತ್ತಿ, ಮೂರು ಕಲ್ಲಿಟ್ಟು ಪಾತ್ರೆ ಏರಿಸಿದರು. ಕಡ್ಡಿ ಗೀರಿದ್ದೇ ತಡ, ನೀಲಿ ಉರಿ ಎದ್ದಿತು. ವನಜಮ್ಮ ಇದ್ದಬದ್ದ ದೇವರನ್ನೆಲ್ಲ ನೆನೆದಳು. ಹಾಲಿನ ಅಂಚಿನಲ್ಲಿ ನೊರೆ ಕಟ್ಟಿತು, ಕೆನೆ ಮೇಲೆದ್ದಿತು. ಪರಮೇಶ್ವರಪ್ಪ ಪೆನ್ನಿನ ಕ್ಯಾಪು ತೆಗೆದ. ಆಗ ಉರಿ ಪುಸಕ್ಕೆಂದು ಆರಿತು. ಪುಟ್ಟಪ್ಪ ಒಂದು ಪೊಟ್ಟಣ ಬೆಂಕಿಕಡ್ಡಿ ಗೀರಿದರೂ ಮತ್ತೆ ಹತ್ತಲಿಲ್ಲ.

ಹಾರೆ ಹೆಗಲಿಗೇರಿಸಿಕೊಂಡು ಬಂದ ಹಳೆಯ ಆಳು ಜಟ್ಟಪ್ಪ ಗುಂಡಿಗೆ ಇಣುಕಿದ.

"ಇದೆಂತ ಅಯ್ಯಾ, ಹಳೇ ಹೊಂಡಕ್ಕೆ ಪೂಜೆ? ಅಮ್ಮನ ಅಪ್ಪಯ್ಯ ಇದ್ದಾಗ ಇಪ್ಪತ್ತು ವರ್ಷದ ಅಡಿಕೆ ಸಿಪ್ಪೆ ಇಲ್ಲಿ ಸುರಿದು ಮಣ್ಣು ಮುಚ್ಚಿದ್ದು ನಾನೇ. ಕೊಳೆತು ಗ್ಯಾಸು ಬರದೆ ಅತ್ತರು ಬರ್ತದಾ?"

ಪರಮೇಶ್ವರಪ್ಪ ಕಾಫಿಗೂ ನಿಲ್ಲಲಿಲ್ಲ. ವನಜಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಊರಿಗೆಲ್ಲ ಹೇಳಿದೀನಲ್ಲೇ," ಪುಟ್ಟಪ್ಪ ಇದ್ದ ಅರ್ಧ ಮೀಸೆಯನ್ನು ಸವರಿಕೊಂಡ. "ಕೊಪ್ಪಕ್ಕೆ ಹೆಂಗೆ ಮುಖ ತೋರಿಸ್ಲಿ?"

"ಕೊಟ್ಟಿಗೆಯಲ್ಲಿ ನಾಲ್ಕು ದನ ಇದಾವೆ. ಮನೆಗೆ ಗ್ಯಾಸು ಬಂದ್ರೆ ನೀವು ಹೇಳಿದ್ದು ಸುಳ್ಳಾಗಲ್ಲ."

ಮಳೆಗಾಲಕ್ಕೆ ಮುಂಚೆ ಗೋಬರ್ ಗ್ಯಾಸು ತಯಾರಾಯಿತು. ಮೊಣಕೈವರೆಗೆ ಸಗಣಿ ಮಾಡಿಕೊಂಡು, ಒರತೆಯ ನೀರು ಹೊಯ್ದು ಕಲಸಿದವನು ಸ್ವತಃ ಪುಟ್ಟಪ್ಪ. ಹಾಲು ಉಕ್ಕಿಸುವ ದಿನ ಕೆಳಗಿನ ಆರು ಮನೆಯವರೂ ಬಂದಿದ್ದರು. ಹಾಲು ಉಕ್ಕಿ ಒಲೆಯ ಸುತ್ತ ಹರಿಯಿತು.

ವನಜಮ್ಮ ಕೈ ಒರೆಸಿಕೊಂಡು ಗಂಡನ ಮುಂದೆ ಅಂಗೈ ಚಾಚಿದಳು.

"ಎಲ್ಲಿ, ಪೆನ್ನು ಕೊಡಿ. ಎಲ್ಲಿ ಹಾಕ್ಲಿ ಸಹಿ?"